ಹಂಡೆಯ ಮೇಲೆ ಅಕ್ಷರ ಕೊರೆದವಳು

ಆಕೆಯನ್ನು ನಾನು ಮೊದಲ ಸಲ ನೋಡಿದ್ದು ಜಗಳ ಆಡಬೇಕೆಂದು ಹೋದಾಗ. ಮರಾಠಿ ಸೀಮೆಯ ಉಮರ್ಗಾದ ಭಾಂಡೆ ಬಜಾರಿನಲ್ಲಿ, ಪಾತ್ರೆ ಅಂಗಡಿಗಳ ಸಾಲು ಮುಗಿಯುವಲ್ಲಿ, ಗಂಡನ ಅಂಗಡಿಯ ಕಟ್ಟೆಯ ಮೇಲೆ ಗೋಣಿತಟ್ಟು ಹಾಸಿಕೊಂಡು ಕೂತಿದ್ದಳು. ಮಡಿಲಲ್ಲಿ ಒಂದು ತಾಮ್ರದ ಕೊಡವನ್ನು ಅಡ್ಡ ಮಲಗಿಸಿಕೊಂಡು, ಎಡಗೈಯ ಉಳಿಯನ್ನು ಬಲಗೈಯ ಚಿಕ್ಕ ಸುತ್ತಿಗೆಯಿಂದ ತಟ್ಟುತ್ತಿದ್ದಳು. ದೊಡ್ಡ ಮೈ, ಹಣೆಯ ತುಂಬ ಕುಂಕುಮ, ಬಾಯಿ ತುಂಬ ಎಲೆ. ಗಿರಾಕಿಗಳು ಕಾಯುತ್ತ ನಿಂತಿದ್ದರು. ಆಕೆ ಯಾರನ್ನೂ ತಲೆಯೆತ್ತಿ ನೋಡಲಿಲ್ಲ. ಜಗಳಕ್ಕೆಂದು ಹೋದ ನಾನೂ ನನ್ನ ಪಾಳಿ ಬರುವವರೆಗೆ ನಿಲ್ಲಬೇಕಾಯಿತು. ಅಷ್ಟರಲ್ಲಿ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು.

ಈಗ ಆಕೆ ಇಲ್ಲ. ಹೋದ ಚಳಿಗಾಲದಲ್ಲಿ ಉದಗೀರದಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡಳು. ಬಜಾರಿನಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಸಣ್ಣವರಿಗೂ ದೊಡ್ಡವರಿಗೂ ಆಕೆ ಅಕ್ಕ. ನಾನೂ ಹಾಗೆಯೇ ಕರೆದೆ, ಹಾಗೆಯೇ ಬರೆಯುತ್ತೇನೆ.

ಅಕ್ಕನ ಕೆಲಸ ಪಾತ್ರೆಗಳ ಮೇಲೆ ಹೆಸರಿನ ಮೊದಲ ಅಕ್ಷರ ಕೊರೆಯುವುದು. ನಮ್ಮ ಕಡೆ ಅಕ್ಷರವಿಲ್ಲದ ಪಾತ್ರೆ ಅಡುಗೆಮನೆಗೆ ಬರುವುದಿಲ್ಲ. ಒಬ್ಬರ ಮನೆಯಲ್ಲಿ ಮದುವೆ ಎಂದರೆ ಓಣಿಯ ಹಂಡೆ, ಹಿಟ್ಟು ನಾದುವ ಪರಾತ, ತಂಬಿಗೆಗಳೆಲ್ಲ ಅಲ್ಲಿಗೆ ಹೋಗುತ್ತವೆ. ಮಾರನೆಯ ದಿನ ಯಾವುದು ಯಾರದೆಂದು ಅಕ್ಷರ ನೋಡಿ ಹೇಳಬೇಕು. ಮದುಮಗಳಿಗೆ ಕೊಡುವ ಪಾತ್ರೆಗಳ ಮೇಲಂತೂ ಗಂಡನದೊಂದು, ಹೆಂಡತಿಯದೊಂದು ಅಕ್ಷರ ಜೋಡಿಯಾಗಿ ಇರಲೇಬೇಕು. ಎಲ್ಲರೂ ಕೊರೆಯಿಸುತ್ತಾರೆ. ಆದರೆ ಅಕ್ಕ ಕೊರೆದರೆ ಎರಡು ಅಕ್ಷರ ಒಂದಕ್ಕೊಂದು ಒರಗಿ ಕೂತಂತೆ ಕಾಣುತ್ತಿತ್ತು. ಮರಾಠಿಯಲ್ಲಿ ಅಕ್ಷರಗಳ ಮೇಲೆ ಒಂದು ಗೆರೆ ಹಾಯುತ್ತದಲ್ಲ, ಆ ಗೆರೆಯನ್ನು ಎರಡಕ್ಕೂ ಒಂದೇ ಎಳೆದು, ಮೊದಲನೆಯದರ ಕಂಬಕ್ಕೆ ಎರಡನೆಯದನ್ನು ತಾಗಿಸಿ, ಕೆಳಗೆ ಒಂದು ಸಣ್ಣ ಬಳ್ಳಿಯಿಂದ ಕಟ್ಟುತ್ತಿದ್ದಳು. ನಿಲಂಗಾದಿಂದ, ಕಾಸಾರಶಿರಸಿಯಿಂದ ಬಸ್ಸಿನ ಮೇಲೆ ಪಾತ್ರೆ ಹೇರಿಕೊಂಡು ಜನ ಬರುತ್ತಿದ್ದರು.

ನನ್ನ ಮದುವೆಯಾದದ್ದು ತೊಂಬತ್ತಮೂರರ ಭೂಕಂಪದ ಮರುವರ್ಷ. ನನ್ನ ತವರು ತುರೋರಿ, ಹೆದ್ದಾರಿಯ ಮೇಲೆ ನಮ್ಮಪ್ಪನದೊಂದು ಕಿರಾಣಿ ಅಂಗಡಿ. ಗಂಡನ ಮನೆಯವರದು ಉಮರ್ಗಾದಲ್ಲಿ ಕಾಳುಕಡಿಯ ವ್ಯಾಪಾರ. ನಮ್ಮ ಯಜಮಾನರಿಗೆ ಅದು ಎರಡನೆಯ ಮದುವೆ. ಮೊದಲ ಹೆಂಡತಿ ಸರೋಜಾ ಗಣಪತಿ ಹಬ್ಬಕ್ಕೆಂದು ಮಾಕಣಿ ಕಡೆಯ ತನ್ನ ತವರೂರಿಗೆ ಹೋಗಿದ್ದಳು. ಬೆಳಗಿನ ಜಾವ ನೆಲ ನಡುಗಿದಾಗ ಅಲ್ಲಿಯೇ, ತಾಯಿತಂದೆಯರ ಜೊತೆಗೆ, ಕಲ್ಲು ಮಣ್ಣಿನ ಗೋಡೆಯ ಕೆಳಗೆ ಸತ್ತಳು. ಇದನ್ನೆಲ್ಲ ಮೊದಲೇ ಹೇಳಿಯೇ ನನ್ನನ್ನು ಕೊಟ್ಟರು. ಆ ವರ್ಷ ನಮ್ಮ ಸುತ್ತ ಅಂಥ ಮದುವೆಗಳು ಬಹಳ ಆದವು.

ನನ್ನ ಹೆಸರು ಚನ್ನಮ್ಮ. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿನ ಹೆಸರು ಬದಲಿಸುವ ಪದ್ಧತಿ ಇದೆ. ಅಕ್ಕಿ ಹರವಿದ ತಾಟಿನಲ್ಲಿ ಗಂಡ ಉಂಗುರದಿಂದ ಹೊಸ ಹೆಸರು ಬರೆಯುತ್ತಾನೆ. ನಮ್ಮ ಯಜಮಾನರು ಸುಮಿತ್ರಾ ಎಂದು ಬರೆದರು. ಹಳೆಯ ಕಾಲದ ಹೆಸರು ಪೇಟೆಗೆ ಒಪ್ಪುವುದಿಲ್ಲ ಎಂದು ಬದಲಿಸಿರಬೇಕು ಅಂದುಕೊಂಡೆ. ಹೊಸ ಹೆಸರು ಕೇಳಲು ಚೆನ್ನಾಗಿಯೇ ಇತ್ತು.

ಅಡುಗೆಮನೆಗೆ ಹೋದ ಮೊದಲ ದಿನ ತಂಬಿಗೆಯೊಂದನ್ನು ಕೈಗೆತ್ತಿಕೊಂಡೆ. ಕಂಠದ ಕೆಳಗೆ ಬ ಮತ್ತು ಸ. ಬ ನಮ್ಮ ಯಜಮಾನರ ಅಕ್ಷರ. ಸ ಅಂದರೆ ಸುಮಿತ್ರಾ. ಎಷ್ಟು ಬೇಗ ಕೊರೆಯಿಸಿದ್ದಾರೆ ಎಂದು ಎದೆ ತುಂಬಿ ಬಂತು. ಹಂಡೆಯ ಮೇಲೂ ಅದೇ, ಪರಾತದ ಮೇಲೂ ಅದೇ, ಉಣ್ಣುವ ಗಂಗಾಳದ ಅಂಚಿನಲ್ಲೂ ಅದೇ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಅಕ್ಷರದ ಗೆರೆಗಳಲ್ಲಿ ಹಳೆಯ ಕಿಲುಬು ಕೂತಿತ್ತು. ಬೆರಳಿಟ್ಟಲ್ಲಿ ಸವೆದಿತ್ತು. ಹೊಸದಾಗಿ ಕೊರೆದದ್ದಲ್ಲ.

ನಮ್ಮ ಅತ್ತೆ ಮುಚ್ಚಿಡುವ ಹೆಂಗಸಲ್ಲ. ಕೇಳಿದ ತಕ್ಷಣ ಹೇಳಿಬಿಟ್ಟರು.

"ಆಕಿ ಭಾಂಡೆ ಅವು. ಅಕ್ಷರ ಕೂಡಿ ಬರಲಿ ಅಂತ ಸ ಹಿಡದು ನಿನಗ ಹೆಸರ ಇಟ್ಟೀವಿ ವಾ. ಇಷ್ಟ ಚಲೋ ಭಾಂಡೆ ಯಾಕ ತಿಕ್ಕಿಸಿ ಹಾಳ ಮಾಡಬೇಕು?"

ಅವರ ಮಾತಿನಲ್ಲಿ ಕೆಟ್ಟತನ ಇರಲಿಲ್ಲ. ಸತ್ತ ಸೊಸೆಯ ಸೀರೆ ಉಡು ಅಂದಿದ್ದರೂ ಅಷ್ಟೇ ಸಹಜವಾಗಿ ಅನ್ನುತ್ತಿದ್ದರು. ಆದರೆ ಅಂದಿನಿಂದ ಆ ಮನೆಯಲ್ಲಿ ನಾನು ಮುಟ್ಟಿದ್ದೆಲ್ಲ ಅವಳದಾಗಿ ಕಾಣತೊಡಗಿತು. ನೀರು ತೋಡಲು ಹೋದರೆ ಹೆಬ್ಬೆರಳಿಗೆ ಸ ತಾಗುತ್ತಿತ್ತು. ಯಜಮಾನರು ಉಣ್ಣುತ್ತ ಉಣ್ಣುತ್ತ ಗಂಗಾಳದ ಅಂಚಿನ ಮೇಲೆ ಬೆರಳಾಡಿಸುವುದನ್ನು ನೋಡಿದರೆ ನಾನು ಮುಖ ತಿರುಗಿಸಿ ಒಲೆ ಊದತೊಡಗುತ್ತಿದ್ದೆ. ಹುಣಸೆಹಣ್ಣು, ಬೂದಿ ಹಾಕಿ ಆ ಅಕ್ಷರದ ಮೇಲೆಯೇ ತಿಕ್ಕಿದೆ. ಕಿಲುಬು ಹೋಗಿ ಅಕ್ಷರ ಇನ್ನೂ ಚೆಂದ ಹೊಳೆಯಿತು.

ಆಗ ಒಂದು ತಂಬಿಗೆ ಸೆರಗಿನೊಳಗೆ ಹಿಡಿದುಕೊಂಡು ಬಜಾರಿಗೆ ಹೋದೆ.

ನನ್ನ ಪಾಳಿ ಬಂತು. ಈ ಸ ಅಳಿಸಿಕೊಡಬೇಕು ಎಂದೆ. ಅಕ್ಕ ನನ್ನ ಮುಖ ನೋಡಲಿಲ್ಲ, ತಂಬಿಗೆ ನೋಡಿದಳು. ಅದನ್ನು ತಿರುಗಿಸಿ, ಸೆರಗಿನಿಂದ ಒರೆಸಿ, ಸರೋಜಾನ ತಂಬಿಗೆ ಅಂದಳು. ಆಮೇಲೆ ನನ್ನನ್ನು ನೋಡಿ, "ನೀ ಆಕಿ ಜಾಗಾಕ್ಕ ಬಂದಾಕಿ," ಅಂದಳು. ತನ್ನ ಕೈಯಿಂದ ಕೊರೆದ ಅಕ್ಷರವನ್ನು ತಾನು ಅಳಿಸುವುದಿಲ್ಲ ಎಂದೂ ಹೇಳಿದಳು. ಮತ್ತೆ ಚಹಾ ತರಿಸಿ ಕುಡಿ ಎಂದಳು. ಚಹಾ ಕುಡಿಯುವಷ್ಟು ಹೊತ್ತು ಸರೋಜಾನ ಮಾತೇ ಹೇಳಿದಳು. ಮದುವೆಯ ಮುಂಚೆ ಆ ಹುಡುಗಿ ತಾನೇ ಬಂದು ಕೂತು, ಗಂಡನ ಅಕ್ಷರಕ್ಕಿಂತ ತನ್ನದು ಒಂದು ಕೂದಲೆಳೆಯಷ್ಟು ದೊಡ್ಡದಿರಬೇಕು ಎಂದು ಹಟ ಹಿಡಿದಿದ್ದಳಂತೆ. ಹಾಗೆ ಮಾಡುವುದು ಪದ್ಧತಿಯಲ್ಲ ಎಂದರೂ ಕೇಳಲಿಲ್ಲವಂತೆ. ಅಕ್ಕ ತಂಬಿಗೆ ಎತ್ತಿ ತೋರಿಸಿದಳು. ಹೌದು, ಸ ಚೂರು ದೊಡ್ಡದಿತ್ತು.

ಮೊದಲು ನನಗೆ ಅವಳ ಪಾತ್ರೆಗಳ ಮೇಲೆ ಮತ್ಸರ ಇತ್ತು. ಅಂದು ಅವಳ ಧೈರ್ಯದ ಮೇಲೆ ಹುಟ್ಟಿತು. ನನ್ನ ಹೆಸರನ್ನು ತೆಗೆದು ಬೇರೆ ಹೆಸರು ಬರೆದಾಗ ನಾನು ತಲೆ ಬಗ್ಗಿಸಿ ಕೂತಿದ್ದೆ. ಅವಳು ಗಂಡನಿಗಿಂತ ದೊಡ್ಡ ಅಕ್ಷರ ಕೇಳಿ ಪಡೆದಿದ್ದಳು.

ಮತ್ತೆ ಆ ಕಡೆ ಹೋಗಬಾರದು ಅಂದುಕೊಂಡೆ. ಆದರೆ ಹೋದೆ. ಸಂತೆಗೆ ಹೋದಾಗಲೆಲ್ಲ ಹೋದೆ. ಹೊಟ್ಟೆಕಿಚ್ಚಿನವರಿಗೆ ಇನ್ನಷ್ಟು ತಿಳಿಯಬೇಕೆಂಬ ಹಸಿವು ಇರುತ್ತದೆ. ಸರೋಜಾ ಹೇಗೆ ನಗುತ್ತಿದ್ದಳು, ಎಷ್ಟು ಎತ್ತರ ಇದ್ದಳು, ಮುಂಗೈ ತುಂಬ ಬಳೆ ಹಾಕುತ್ತಿದ್ದಳೇ, ಇವೆಲ್ಲ ನನಗೆ ಬೇಕಾಗಿತ್ತು. ಕೇಳಿ ಮನೆಗೆ ಬಂದು ಉರಿಯುತ್ತಿದ್ದೆ. ಅಕ್ಕನಿಗೂ ಅದು ಗೊತ್ತಿತ್ತು. ಕೇಳಿದಷ್ಟೂ ಹೇಳುತ್ತಿದ್ದಳು, ಒಂದು ಮಾತನ್ನೂ ಮೆತ್ತಗೆ ಮಾಡುತ್ತಿರಲಿಲ್ಲ.

ಹಾಗೆ ಕೂತು ಕೂತು ಆಕೆಯ ಕಾಯ್ದೆಗಳೆಲ್ಲ ನನಗೆ ಬಾಯಿಪಾಠವಾದವು. ಪಾತ್ರೆಯ ತಳಕ್ಕೆ ಯಾರ ಅಕ್ಷರವನ್ನೂ ಕೊರೆಯಬಾರದು, ಹೆಸರಿಗೆ ಬೆಂಕಿ ತಾಗುತ್ತದೆ. ಉಡುಗೊರೆ ಕೊಟ್ಟವರ ಹೆಸರು ಹಿಂಬದಿಗೆ, ಮನೆಯವರದು ಮುಂದಕ್ಕೆ. ನಿಶ್ಚಯವಾದ ಮಾತ್ರಕ್ಕೆ ಎರಡು ಅಕ್ಷರ ಕೂಡಿಸಬಾರದು, ತಾಳಿ ಬಿದ್ದ ಮೇಲೆಯೇ ಕೂಡಿಸಬೇಕು. ಒಂಟಿ ಅಕ್ಷರ ಕೂಸಿನ ಬಟ್ಟಲಿಗೆ, ಇಲ್ಲವೆ ಗಂಡ ಇಲ್ಲದವಳ ತಂಬಿಗೆಗೆ. ಮುತ್ತೈದೆಗೆ ಒಂಟಿ ಅಕ್ಷರ ಸಲ್ಲದು. ಈ ಕಾಯ್ದೆ ಮುರಿಯಲು ಬಂದವರನ್ನು, ಅವರು ಎಂಥ ದೊಡ್ಡ ಮನೆಯವರಾದರೂ, ಬಾಯಿಗೆ ಬಂದಂತೆ ಬೈದು ಕಳಿಸುತ್ತಿದ್ದಳು. ನಿಲಂಗಾದ ಒಬ್ಬ ವ್ಯಾಪಾರಿ ಮನೆಮಂದಿಯ ಅಕ್ಷರಗಳನ್ನೆಲ್ಲ ಒಂದೇ ಪರಾತದ ಮೇಲೆ ಕೊರೆ ಎಂದಾಗ, ಪರಾತ ಏನು ಬಸ್ಸೇ, ಎಲ್ಲರೂ ಹತ್ತಲು, ಎಂದು ವಾಪಸು ಕೊಟ್ಟಳು.

ಅಕ್ಷರಗಳ ಹಳೆಯ ಕಥೆಯನ್ನೂ ಆಕೆಯೇ ಹೇಳಿದ್ದು. ಆಕೆಯ ತವರಿನವರು ಕಾಸಾರಶಿರಸಿಯ ಭಾಂಡೆ ಮಾಡುವ ಮಂದಿ. ಅಜ್ಜನ ಅಜ್ಜನ ಕಾಲಕ್ಕೆ ಅಕ್ಷರ ಬಲ್ಲವರು ಯಾರಿದ್ದರು? ಆಗ ಬರೀ ನಿಶಾನಿ. ಒಂದು ಮನೆಗೆ ತ್ರಿಶೂಲ, ಒಂದು ಮನೆಗೆ ಗಾಲಿ, ಒಂದು ಮನೆಗೆ ಬಿಲ್ವದ ಎಲೆ. ಬೀರಪ್ಪನ ಒಕ್ಕಲಿನ ಕುರುಬರು ಕುರಿಯ ಕಿವಿಗೆ ಯಾವ ಗುರುತು ಹಾಕುತ್ತಿದ್ದರೋ ಅದನ್ನೇ ತಂಬಿಗೆಗೂ ಹಾಕಿಸುತ್ತಿದ್ದರು. ನಿಜಾಮರ ಕಾಲಕ್ಕೆ ದೊಡ್ಡ ಮನೆಗಳವರು ಉರ್ದು ಅಕ್ಷರ ಕೇಳತೊಡಗಿದರು. ಆಕೆಯ ಅಜ್ಜ ಓದು ಬಾರದೆಯೂ ಉರ್ದು ಕೊರೆಯುತ್ತಿದ್ದ. ಆಮೇಲೆ ಶಾಲೆಗಳು ಬಂದವು, ಮರಾಠಿ ಬಂತು. ಮನೆಯಲ್ಲಿ ಕನ್ನಡ ಆಡುವವರೂ ಹಂಡೆಯ ಮೇಲೆ ಮರಾಠಿಯಲ್ಲಿ ಇದ್ದರು. ಅಕ್ಕನಿಗೂ ಬರೆಯಲು ಬರುತ್ತಿದ್ದದ್ದು ಮರಾಠಿ ಒಂದೇ.

ಒಂದು ಸಂತೆಯ ದಿನ ನಾನು ಹೋದಾಗ ನಮ್ಮ ಯಜಮಾನರು ಆ ಕಟ್ಟೆಯ ಮೇಲೆ ಕೂತಿದ್ದರು. ನನ್ನನ್ನು ನೋಡಿ ಎದ್ದು, ಅಂಗಡಿಗೆ ಹೊತ್ತಾಯಿತು ಎಂದು ಹೊರಟರು. ದಿನಾಲೂ ಬರುತ್ತಾರೆಯೇ ಎಂದು ಕೇಳಿದೆ. ಆಗಾಗ ಬರುತ್ತಾನೆ ಎಂದಳು ಅಕ್ಕ. ಏನು ಮಾತಾಡುತ್ತೀರಿ ಎಂದರೆ, ಏನೂ ಇಲ್ಲ, ಸುಮ್ಮನೆ ಕೂತು ಹೋಗುತ್ತಾನೆ ಎಂದಳು. ಮನೆಯಲ್ಲಿಯೂ ಅವರು ಸುಮ್ಮನೆಯೇ ಕೂಡುತ್ತಿದ್ದರು. ಆದರೆ ಇಲ್ಲಿ ಬಂದು, ಸರೋಜಾನನ್ನು ಬಲ್ಲವಳ ಹತ್ತಿರ ಸುಮ್ಮನೆ ಕೂಡುವುದು ಬೇರೆ. ನನಗೆ ತಿಳಿಯಿತು.

ಅಂದು ಅಕ್ಕ ಮಿಕ್ಕದ್ದನ್ನೂ ಹೇಳಿದಳು. ಭೂಕಂಪವಾದ ಮೇಲೆ ಸರೋಜಾನ ತವರೂರಿನಲ್ಲಿ ಮಣ್ಣಿನಿಂದ ತೆಗೆದ ಪಾತ್ರೆಗಳನ್ನು ಒಂದು ಹೊಲದಲ್ಲಿ ರಾಶಿ ಹಾಕಿದ್ದರು. ಉಳಿದವರು ತಮ್ಮ ಅಕ್ಷರ ಹುಡುಕಿ ಒಯ್ಯುತ್ತಿದ್ದರು. ನಮ್ಮ ಯಜಮಾನರಿಗೆ ಅಲ್ಲಿಗೆ ಒಬ್ಬರೇ ಹೋಗಲು ಕಾಲು ಬರಲಿಲ್ಲ. ಅಕ್ಕನನ್ನು ಕರೆದುಕೊಂಡು ಹೋದರು. ಚಪ್ಪಟೆಯಾದ ಕೊಡಗಳು, ಸೀಳಿದ ಪರಾತಗಳು. ಬಹಳಷ್ಟು ಆಕೆಯೇ ಕೊರೆದವು. ಇಬ್ಬರ ಅಕ್ಷರವೂ ಇದೆ, ಇಬ್ಬರೂ ಇಲ್ಲ, ಅಂಥವೇ ಹೆಚ್ಚು. ಬಿಸಿಲಲ್ಲಿ ಕೂತು ಒಂದೊಂದನ್ನೇ ಎತ್ತಿ, ಇದು ಇಂಥವರದು ಎಂದು ಹೇಳುತ್ತ ಹೋದಳಂತೆ. ಒಯ್ಯುವವರಿಲ್ಲದ್ದನ್ನು ಮತ್ತೆ ಕೆಳಗಿಟ್ಟಳಂತೆ. ಸರೋಜಾನ ತಾಯಿಯ ಒಂದು ಬಟ್ಟಲು ಸಿಕ್ಕಿತು. ಅದನ್ನು ಯಜಮಾನರು ಯಾರಿಗೋ ದಾನ ಕೊಟ್ಟರು.

ಅಷ್ಟು ಹೇಳಿ ಅಕ್ಕ ಎಲೆ ಉಗುಳಿ ಬಂದಳು. ಮತ್ತೆ ಉಳಿ ಕೈಗೆ ತೆಗೆದುಕೊಂಡು, ನನ್ನ ಕಡೆ ನೋಡದೆಯೇ ಹೇಳಿದಳು.

"ನಿನ್ನ ಹೆಸರ ಬದಲಿ ಮಾಡಸಿದ್ದು ನಿಮ್ಮತ್ತಿ ಅಲ್ಲ. ನಾನ. ಮದವಿ ಗೊತ್ತಾದಾಗ ಅಂವಾ ಬಂದು ಅಕ್ಷರ ಅಳಸ್ರಿ ಅಂದಾ. ಆ ರಾಶಿ ಕಂಡ ಬಂದಾಕಿ ನಾ. ನನ್ನ ಕೈಲಿಂದ ಇನ್ನೊಂದ ಅಕ್ಷರ ಅಳಸೂದು ಆಗಂಗಿಲ್ಲ, ಬರಾಕಿಗೆ ಸ ಹಿಡದು ಹೆಸರ ಇಡ್ರಿ ಅಂತ ಹೇಳಿದೆ."

ಯಜಮಾನರು ಅಳಿಸಲು ಬಂದಿದ್ದರು ಎಂಬುದು ನನಗೆ ಆಗ ಸಮಾಧಾನ ಕೊಡಬೇಕಾಗಿತ್ತು. ಕೊಡಲಿಲ್ಲ. ಈಕೆ ಯಾರು? ನನ್ನ ಅತ್ತೆಯಲ್ಲ, ನಾದಿನಿಯಲ್ಲ. ಬಜಾರಿನಲ್ಲಿ ಗೋಣಿತಟ್ಟಿನ ಮೇಲೆ ಕೂತು, ಒಮ್ಮೆಯೂ ನೋಡದ ಒಬ್ಬ ಹುಡುಗಿಯ ಹೆಸರು ಕಿತ್ತುಕೊಂಡಿದ್ದಳು. ಸತ್ತವಳ ಅಕ್ಷರ ಉಳಿಸಲು ಬದುಕಿದವಳ ಹೆಸರು ತೆಗೆದಿದ್ದಳು. ಸರೋಜಾನ ಮೇಲೆ ಅಷ್ಟು ಪ್ರೀತಿಯೇ? ಕೇಳದೆಯೇ ಎದ್ದು ಬಂದೆ. ಆಮೇಲೆ ಬಹಳ ದಿನ ಆ ಓಣಿ ತುಳಿಯಲಿಲ್ಲ.

ಆ ನಡುವೆ ಬಳಗದವರ ಮದುವೆಗೆ ಉದಗೀರಕ್ಕೆ ಹೋಗಬೇಕಾಯಿತು. ನಾನು ಉಣ್ಣುವ ಗಂಗಾಳವನ್ನು ಸೀರೆಗಳ ನಡುವೆ ಇಟ್ಟುಕೊಂಡು ಹೋದೆ. ಅಲ್ಲಿ ಕರೆಂಟಿನ ಚಕ್ರಕ್ಕೆ ಹಿಡಿದು ಪಾತ್ರೆ ತಿಕ್ಕಿಕೊಡುವವನೊಬ್ಬ ಇದ್ದ. ಏನೂ ಕೇಳಲಿಲ್ಲ, ಹಿಡಿದ, ಪುಡಿ ಹಾರಿತು, ಎರಡೂ ಅಕ್ಷರ ಹೋದವು. ಮನೆಗೆ ಬಂದು ಅದೇ ಗಂಗಾಳದಲ್ಲಿ ಯಜಮಾನರಿಗೆ ಬಡಿಸಿದೆ. ಅವರ ಬೆರಳು ಅಂಚಿಗೆ ಹೋಯಿತು. ಹುಡುಕಿತು. ಸಿಗಲಿಲ್ಲ. ತಲೆಯೆತ್ತಿ ನನ್ನನ್ನು ನೋಡಿದರು. ನಾನೂ ನೋಡಿದೆ. ಮದುವೆಯಾದ ಮೇಲೆ ಅವರು ನನ್ನನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ನನಗೆ ಸಂತೋಷವೇ ಆಯಿತು. ಇಂದಿಗೂ ಅದನ್ನು ನೆನೆದರೆ ಸಂತೋಷವೇ ಆಗುತ್ತದೆ.

ಅವರು ಹೋಗಿ ಹೇಳಿರಬೇಕು. ಎರಡು ದಿನ ಬಿಟ್ಟು ಅಕ್ಕ ನಮ್ಮ ಮನೆಗೆ ಬಂದಳು. ಆಕೆ ಯಾರ ಮನೆಗೂ ಹೋಗುವವಳಲ್ಲ, ಪಾತ್ರೆಯೇ ತನ್ನಲ್ಲಿಗೆ ಬರಬೇಕು ಎನ್ನುವವಳು. ಅತ್ತೆ ಗಾಬರಿಯಾಗಿ ಚಾಪೆ ಹಾಸಿದರು. ಅಕ್ಕ ಗಂಗಾಳ ತಾ ಎಂದಳು. ಬಯ್ಯುತ್ತಾಳೆ ಎಂದು ನಾನು ಸಿದ್ಧವಾಗಿಯೇ ತಂದುಕೊಟ್ಟೆ. ಅಂಚಿನ ಮೇಲೆ ಹೆಬ್ಬೆರಳು ಎಳೆದು, ಉದಗೀರದವನಿಗೆ ಕೆಲಸ ಬಾರದು, ಒಂದು ಕಡೆ ಹೆಚ್ಚು ತಿಂದಿದ್ದಾನೆ ಎಂದಳು. ಮತ್ತೆ ಸೆರಗಿನ ಗಂಟಿನಿಂದ ಉಳಿ, ಸುತ್ತಿಗೆ ತೆಗೆದಳು.

"ತವರಮನಿ ಹೆಸರ ಏನು ನಿಂದು?"

ಚನ್ನಮ್ಮ ಎಂದೆ. ಆ ಮನೆಯಲ್ಲಿ ಆ ಹೆಸರನ್ನು ಗಟ್ಟಿಯಾಗಿ ಹೇಳಿದ್ದು ಅಂದೇ.

ಅತ್ತೆಗೆ ಏನಾಗುತ್ತಿದೆ ಎಂದು ತಿಳಿಯಿತು. ಗಂಡ ಗಟ್ಟಿಮುಟ್ಟಾಗಿ ಇರುವಾಗ ಹೆಂಡತಿಗೆ ಒಂಟಿ ಅಕ್ಷರ ಕೊರೆಯುವುದು ಯಾವ ಪದ್ಧತಿ, ಅದು ಅಪಶಕುನ ಎಂದು ಊರಿಗೆಲ್ಲ ಹೇಳಿದವಳು ನೀನೇ ಅಲ್ಲವೇ ಎಂದು ತಡೆದರು. ಅಕ್ಕ ಉಳಿಯ ಮೊನೆಯನ್ನು ಬೆರಳ ಮೇಲೆ ಉಜ್ಜಿ ನೋಡುತ್ತ ಹೇಳಿದಳು.

"ಖರೆ ಅದ ಅವ್ವಾ, ನಾನ ಹೇಳಿದ್ದು. ನಾ ಮಾಡಿದ ಕಾಯ್ದೆ ಅದು, ನಾನ ಮುರೀತೀನಿ. ಇಕಿ ಹೆಸರ ತಗೊಂಡೀನಿ, ಅಕ್ಷರಾನಾದ್ರೂ ಕೊಡ್ತೀನಿ."

ಮರಾಠಿಯಲ್ಲಿ ಬೇಡ, ಕನ್ನಡದಲ್ಲಿ ಕೊರೆಯಬೇಕು ಎಂದೆ. ಯಾಕೆ ಹಾಗೆ ಹೇಳಿದೆನೋ ಆಗ ತಿಳಿಯಲಿಲ್ಲ. ಸರೋಜಾಗೆ ಇಲ್ಲದ್ದು ಏನಾದರೂ ನನಗೆ ಬೇಕಾಗಿತ್ತು, ಅಷ್ಟೇ. ಅಕ್ಕನಿಗೆ ಕನ್ನಡದ ಚ ಹೇಗಿರುತ್ತದೆ ಎಂದು ಗೊತ್ತಿರಲಿಲ್ಲ. ನನಗೆ ನಮ್ಮಜ್ಜ ಮಠದಲ್ಲಿ ಕಲಿಸಿದ್ದ. ಒಲೆಯ ಇದ್ದಿಲು ತಂದು ನೆಲದ ಮೇಲೆ ದೊಡ್ಡದಾಗಿ ಬರೆದು ತೋರಿಸಿದೆ. ಅಕ್ಕ ಅದನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿದಳು. ಈ ಅಕ್ಷರಕ್ಕೆ ತನ್ನದೇ ತಲೆಕಟ್ಟು ಇದೆ, ಇದು ಯಾರ ಗೆರೆಗೂ ಜೋತು ಬೀಳುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಗಂಗಾಳ ಮಡಿಲಿಗೆ ತೆಗೆದುಕೊಂಡು ಕೊರೆದಳು. ಆಕೆಯ ಕೈ ಹಿಂಜರಿದದ್ದನ್ನು ನಾನು ನೋಡಿದ್ದು ಆಗ ಮಾತ್ರ. ಮೊದಲ ಗೆರೆ ಸ್ವಲ್ಪ ಅಡ್ಡಾದಿಡ್ಡಿ ಬಂತು. ಆಮೇಲಿನದು ಸರಿಯಾಯಿತು.

ಆಕೆ ಕ್ಷಮಿಸು ಎನ್ನಲಿಲ್ಲ. ನಾನೂ ಕ್ಷಮಿಸಿದೆ ಎನ್ನಲಿಲ್ಲ. ಆದರೆ ಮುಂದಿನ ಸಂತೆಗೆ ನಾನು ಮತ್ತೆ ಆ ಕಟ್ಟೆಗೆ ಹೋದೆ, ಸರೋಜಾನ ಮಾತು ಕೇಳಲಿಲ್ಲ. ಅಕ್ಕ ನನ್ನ ತವರಿನ ಮಾತು ಕೇಳಿದಳು. ನಮ್ಮ ಅಂಗಡಿಯ ಮುಂದೆ ನಿಲ್ಲುವ ಲಾರಿಗಳು, ನಮ್ಮಜ್ಜನ ಸಿಟ್ಟು, ಇಂಥವು. ನನ್ನ ಗಂಡ ಯಾವ ದಿನದಿಂದ ನನ್ನನ್ನು ಚನ್ನಮ್ಮಾ ಎಂದು ಕರೆಯತೊಡಗಿದರೋ ನೆನಪಿಲ್ಲ. ಪಡಿತರ ಚೀಟಿಯಲ್ಲಿ ಈಗಲೂ ಸುಮಿತ್ರಾ. ಮಿಕ್ಕ ಪಾತ್ರೆಗಳ ಮೇಲೆ ಬ ಮತ್ತು ಸ ಹಾಗೆಯೇ ಇವೆ. ಅವುಗಳ ಮೇಲಿನ ಮತ್ಸರ ಪೂರ್ತಿ ಹೋಯಿತು ಎಂದು ಹೇಳಲಾರೆ. ಹಂಡೆ ತೊಳೆದಿಡುವಾಗ ಅಕ್ಷರದ ಮಗ್ಗುಲನ್ನು ಗೋಡೆಗೆ ತಿರುಗಿಸಿಯೇ ಇಡುತ್ತೇನೆ.

ಆಮೇಲೆ ಸ್ಟೀಲು ಬಂತು, ಕರೆಂಟಿನ ಪೆನ್ನು ಬಂತು. ಅಂಗಡಿಯವರೇ ನಿಂತ ಕಾಲ ಮೇಲೆ ಹೆಸರು ಗೀಚಿ ಕೊಡತೊಡಗಿದರು. ಅಕ್ಕ ಅದನ್ನು ನೋಡಿ, ಮಸಿ ಕುಡಿದ ನೊಣ ನಡೆದ ಹಾಗಿದೆ ಎನ್ನುತ್ತಿದ್ದಳು. ಗಂಡ ತೀರಿದ ಮೇಲೆ ಅಂಗಡಿ ಮುಚ್ಚಿ ಉದಗೀರಕ್ಕೆ ಮಗಳ ಕಡೆ ಹೋದಳು. ವರ್ಷಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದೆ. ಕಣ್ಣು ಮಂಜಾಗಿತ್ತು. ನಾನು ಒಯ್ದ ಡಬ್ಬಿಯನ್ನು ಕೈಯಿಂದ ಸವರಿ, ಅಕ್ಷರ ಸಿಗದೆ, ಬರೀ ಮೈ ಅದ, ಎಂದು ಬೇಸರಪಡುತ್ತಿದ್ದಳು.

ಸುದ್ದಿ ಬಂದ ದಿನ ಯಜಮಾನರೂ ನಾನೂ ಮೊದಲ ಬಸ್ಸಿಗೇ ಹೋದೆವು. ಪಡಸಾಲೆಯಲ್ಲಿ ಅಕ್ಕನನ್ನು ಮಲಗಿಸಿದ್ದರು. ತಲೆಯ ಹತ್ತಿರ ನನಗಿಂತ ಚಿಕ್ಕವಳೊಬ್ಬಳು ಕೂತು ಅಳುತ್ತಿದ್ದಳು. ಬಳಗದವಳು ಇರಬೇಕೆಂದುಕೊಂಡೆ. ಅಲ್ಲ, ನಿಲಂಗಾದವಳಂತೆ, ಅಕ್ಷರ ಕೊರೆಯಿಸಲು ಬಂದು ಪರಿಚಯವಾದವಳಂತೆ. ಅಕ್ಕ ತಿಂಗಳಾನುಗಟ್ಟಲೆ ತನ್ನ ಮನೆಯಲ್ಲಿ ಇರುತ್ತಿದ್ದಳು, ತನ್ನ ಕೈ ಹಿಡಿದು ಉಳಿ ಹಿಡಿಯಲು ಕಲಿಸಿದಳು, ತನ್ನನ್ನು ಮಗಳೇ ಎನ್ನುತ್ತಿದ್ದಳು ಎಂದು ಬಂದವರಿಗೆಲ್ಲ ಹೇಳಿ ಹೇಳಿ ಅಳುತ್ತಿದ್ದಳು. ನನ್ನ ಹೊಟ್ಟೆಯಲ್ಲಿ ಕಿಚ್ಚು ಎದ್ದಿತು. ಇಷ್ಟು ವರ್ಷದಲ್ಲಿ ಅಕ್ಕ ಒಮ್ಮೆಯೂ ನನ್ನ ಕೈಗೆ ಉಳಿ ಕೊಟ್ಟಿರಲಿಲ್ಲ. ಒಮ್ಮೆಯೂ ನನ್ನನ್ನು ಮಗಳೇ ಎಂದಿರಲಿಲ್ಲ. ನನ್ನಲ್ಲಿಗೆ ಬಂದು ಒಂದು ದಿನವೂ ಇದ್ದಿರಲಿಲ್ಲ. ಇವಳು ಯಾರು, ಎಲ್ಲಿಂದ ಬಂದಳು?

ಅಕ್ಕನ ಮಗಳು ಹೂವಿನ ಬುಟ್ಟಿ ತಂದಿಟ್ಟು, ಹೂವು ಏರಿಸಲು ಮೊದಲು ಮನೆಯವರು ಮುಂದೆ ಬನ್ನಿ ಎಂದಳು. ನಿಲಂಗಾದವಳು ಕಣ್ಣೊರೆಸಿಕೊಂಡು ಏಳತೊಡಗಿದಳು. ಅವಳಿಗಿಂತ ಮೊದಲು ನಾನು ಎದ್ದೆ.